ಚೆಂಡನ್ನು ಬಿಟ್ಟು ಕುರ್ಚಿಯನ್ನು ನೋಡಿ

ವ್ಹೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಹೊಸದಾಗಿ ನೋಡುವವರ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ಅರ್ಧ ಆಟ ಅಲ್ಲೇ ಕೈತಪ್ಪುತ್ತದೆ. ಜರ್ಮನಿಯ ಆನಿಕಾ ತ್ಸೈಯೆನ್ ಆಡಿದ ಹಳೆಯ ಪಂದ್ಯ ಎಲ್ಲಾದರೂ ಸಿಕ್ಕರೆ, ಚೆಂಡು ಎತ್ತ ಬೇಕಾದರೂ ಹೋಗಲಿ, ಅವರ ಕುರ್ಚಿಯನ್ನಷ್ಟೇ ನೋಡಿ.

1985ರಲ್ಲಿ ಹುಟ್ಟಿದ ಆನಿಕಾ ಹದಿನಾಲ್ಕರ ಹರೆಯದಲ್ಲಿ ಕುದುರೆ ಸವಾರಿಯ ಅಪಘಾತದಿಂದ ಕಾಲುಗಳ ಶಕ್ತಿ ಕಳೆದುಕೊಂಡರು. ಈ ಆಟದಲ್ಲಿ ಅವರದು 1.5 ಪಾಯಿಂಟ್. ಇದು ಹೊಡೆದ ಅಂಕವಲ್ಲ. ದೇಹ ಎಷ್ಟು ಹಿಡಿತಕ್ಕೆ ಬರುತ್ತದೆ ಎಂದು ನೋಡಿ ಪ್ರತಿಯೊಬ್ಬರಿಗೂ 1ರಿಂದ 4.5ರವರೆಗೆ ಪಾಯಿಂಟ್ ಕೊಡುತ್ತಾರೆ. ಅಂಗಳದಲ್ಲಿರುವ ಐವರದೂ ಕೂಡಿದರೆ 14 ದಾಟುವಂತಿಲ್ಲ. ಹಾಗಾಗಿ ಕಡಿಮೆ ಪಾಯಿಂಟಿನವರಿಲ್ಲದೆ ತಂಡವೇ ಕಟ್ಟಲಾಗದು. ಬುಟ್ಟಿಯ ಎತ್ತರ ಮಾತ್ರ ಎಲ್ಲರಿಗೂ ಅದೇ 3.05 ಮೀಟರ್.

ಈ ಕಡಿಮೆ ಪಾಯಿಂಟಿನವರು ಮಾಡುವ ಕೆಲಸವೇನು? ಗಾಲಿಕುರ್ಚಿ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ, ನಿಂತಲ್ಲೇ ತಿರುಗುತ್ತದೆ. ಪಕ್ಕಕ್ಕೆ ಸರಿಯಲು ಮಾತ್ರ ಅದಕ್ಕೆ ಬಾರದು. ಎದುರಾಳಿ ಹೊರಟ ದಾರಿಯಲ್ಲಿ ಒಂದು ಕ್ಷಣ ಮೊದಲು ಹೋಗಿ ಅಡ್ಡ ನಿಂತರೆ ಆಕೆ ಹಿಂದೆ ಬಂದು, ತಿರುಗಿ, ಮತ್ತೆ ವೇಗ ಹಿಡಿಯಬೇಕು. ಅಷ್ಟರಲ್ಲಿ ಹೆಚ್ಚು ಪಾಯಿಂಟಿನ ಗೆಳತಿ ಬುಟ್ಟಿಯ ಕೆಳಗಿರುತ್ತಾಳೆ. ತಡವಾಗಿ ಬಂದು ಗುದ್ದಿದರೆ ಫೌಲ್, ಏಕೆಂದರೆ ಕುರ್ಚಿಯೂ ದೇಹದ ಭಾಗವೇ. ಕಬಡ್ಡಿಯಲ್ಲಿ ರೈಡರ್‌ಗೆ ದಕ್ಕುವ ಚಪ್ಪಾಳೆ ಮೂಲೆಯಲ್ಲಿ ಹೊಂಚಿ ಕಾಲು ಹಿಡಿದವನಿಗೆ ದಕ್ಕದು. ಇಲ್ಲೂ ಅದೇ ಕತೆ. ಅಂಕಪಟ್ಟಿಯಲ್ಲಿ ಈ ತಡೆಗೆ ಕಾಲಮ್ಮೇ ಇಲ್ಲ. ನನಗಂತೂ ಆಟದ ಬುದ್ಧಿಯೆಲ್ಲ ಅಲ್ಲೇ ಇದೆ ಅನ್ನಿಸುತ್ತದೆ.

ಬ್ಯಾಸ್ಕೆಟ್‌ಬಾಲ್ ಬಲ್ಲವರಿಗೊಂದು ಎಚ್ಚರಿಕೆ: ಇಲ್ಲಿ ಡಬಲ್ ಡ್ರಿಬಲ್ ತಪ್ಪಲ್ಲ, ಸುಮ್ಮನೆ ಕೂಗಬೇಡಿ. ಚೆಂಡು ಪುಟಿಸದೆ ಗಾಲಿಯನ್ನು ಎರಡಕ್ಕಿಂತ ಹೆಚ್ಚು ಸಲ ತಳ್ಳಿದರೆ ತಪ್ಪು.

2008ರ ಬೀಜಿಂಗ್ ಪ್ಯಾರಾಲಿಂಪಿಕ್ಸ್‌ನಲ್ಲಿ ಆನಿಕಾರ ತಂಡಕ್ಕೆ ಬೆಳ್ಳಿ. ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ತಂಡದಲ್ಲೂ ಆಡಿ ಪಳಗಿದರು. 2012ರ ಲಂಡನ್ ಫೈನಲ್‌ನಲ್ಲಿ ಜರ್ಮನಿ ಆಸ್ಟ್ರೇಲಿಯಾವನ್ನು 58–44ರಿಂದ ಸೋಲಿಸಿತು. 1984ರ ನಂತರ ಈ ಆಟದಲ್ಲಿ ಜರ್ಮನ್ ಮಹಿಳೆಯರಿಗೆ ಸಿಕ್ಕ ಮೊದಲ ಪ್ಯಾರಾಲಿಂಪಿಕ್ ಚಿನ್ನ ಅದು. ರಿಯೊದಲ್ಲಿ ಮತ್ತೆ ಬೆಳ್ಳಿ. ಆಮೇಲೆ ಅಂಗಳ ಬಿಟ್ಟು ಹ್ಯಾಂಡ್‌ಬೈಕ್ ಏರಿದವರು ಟೋಕಿಯೊದ ಟೈಮ್ ಟ್ರಯಲ್‌ನಲ್ಲಿ ಒಬ್ಬರೇ ಚಿನ್ನ ಗೆದ್ದರು.

2028ರಲ್ಲಿ ಲಾಸ್ ಏಂಜಲೀಸ್‌ನ ಪ್ಯಾರಾಲಿಂಪಿಕ್ಸ್ ಇದೆ. ಮೊದಲ ಕ್ವಾರ್ಟರ್‌ನ ಹತ್ತು ನಿಮಿಷ ಕಡಿಮೆ ಪಾಯಿಂಟಿನ ಒಬ್ಬರನ್ನು ಆರಿಸಿಕೊಂಡು ಅವರನ್ನೇ ಹಿಂಬಾಲಿಸಿ. ಸ್ಕೋರು ಹೇಗೂ ಪರದೆಯ ಮೇಲಿರುತ್ತದೆ.