ಒಡಲ ಕೊಯ್ಲು: ‘ಹಾರ್ವೆಸ್ಟ್’ ನಾಟಕವನ್ನು ಮತ್ತೆ ಓದುತ್ತಾ

ಮಂಜುಳಾ ಪದ್ಮನಾಭನ್ ಅವರ ‘ಹಾರ್ವೆಸ್ಟ್’ ಎಂಬ ಇಂಗ್ಲಿಷ್ ನಾಟಕವನ್ನು ನಾನು ಮೊದಲು ಓದಿದ್ದು ಕಾಲೇಜಿನ ದಿನಗಳಲ್ಲಿ. ಆಗ ಅದು ಒಂದು ವಿಚಿತ್ರ ಕಲ್ಪನೆಯಾಗಿ ಮಾತ್ರ ಕಂಡಿತ್ತು. ಎರಡನೆಯ ಸಲ ಓದಿದ್ದು ಕಳೆದ ವರ್ಷ, ಆಸ್ಪತ್ರೆಯೊಂದರ ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕುಳಿತು. ಒಳಗೆ ನನ್ನ ಮಾಮು ಮಲಗಿದ್ದರು. ಒಂದು ಸಲಕ್ಕೆ ನಾಲ್ಕು ಗಂಟೆ, ವಾರಕ್ಕೆ ಎರಡು ಸಲ. ಓದಲು ಬೇಕಾದಷ್ಟು ಸಮಯವಿತ್ತು. ಈ ಸಲ ನಾಟಕ ಕಲ್ಪನೆಯಂತೆ ಕಾಣಲಿಲ್ಲ. ಆದರೆ ಅದರ ಜೊತೆ ಜಗಳವಾಡಬೇಕು ಎಂದೂ ಅನ್ನಿಸಿತು. ಈ ಲೇಖನ ಆ ಜಗಳದ ಫಲ.

ನಾಟಕದ ಕಥೆಯನ್ನು ಅರಿಯದವರಿಗಾಗಿ ಸಂಕ್ಷಿಪ್ತವಾಗಿ ಹೇಳುತ್ತೇನೆ. ಮುಂಬೈಯ ಒಂದೇ ಕೋಣೆಯ ಮನೆ. ಕೆಲಸ ಕಳೆದುಕೊಂಡ ಯುವಕ ಓಂ ಪ್ರಕಾಶ್, ಹೆಂಡತಿ ಜಯಾ, ತಾಯಿ ಮತ್ತು ತಮ್ಮ ಜೀತು. ಓಂ ಒಂದು ಬಹುರಾಷ್ಟ್ರೀಯ ಕಂಪೆನಿಯ ಜೊತೆ ಕರಾರು ಮಾಡಿಕೊಳ್ಳುತ್ತಾನೆ. ಅಮೆರಿಕದ ಶ್ರೀಮಂತ ಗ್ರಾಹಕರೊಬ್ಬರಿಗೆ ಬೇಕಾದಾಗ ತನ್ನ ಅಂಗಾಂಗಗಳನ್ನು ಕೊಡಬೇಕು. ಅದಕ್ಕೆ ಬದಲಾಗಿ ಮನೆಗೆ ಸುಖಸೌಲಭ್ಯಗಳೆಲ್ಲ ಬರುತ್ತವೆ. ಮದುವೆಯಾದವನಿಗೆ ಈ ಕೆಲಸ ಸಿಗುವುದಿಲ್ಲವಾದ್ದರಿಂದ ಹೆಂಡತಿಯನ್ನು ತಂಗಿ ಎಂದು ಬರೆಸುತ್ತಾನೆ. ಮನೆಯ ನಡುವೆ ಒಂದು ಯಂತ್ರ ತೂಗುಹಾಕಲಾಗುತ್ತದೆ. ಅದರ ಪರದೆಯಲ್ಲಿ ಜಿನ್ನಿ ಎಂಬ ಸುಂದರ ಬಿಳಿಯ ಹೆಣ್ಣಿನ ಮುಖ ಮೂಡಿ, ಇವರು ಏನು ತಿನ್ನುತ್ತಾರೆ, ಎಷ್ಟು ಸ್ವಚ್ಛವಾಗಿದ್ದಾರೆ ಎಂದು ವಿಚಾರಿಸುತ್ತಿರುತ್ತದೆ. ಕೊನೆಗೆ ಅಂಗ ಕೊಯ್ಯಲು ಬಂದವರು ಓಂ ಬದಲು ತಪ್ಪಾಗಿ ಜೀತುವನ್ನು ಎಳೆದೊಯ್ಯುತ್ತಾರೆ. ಅವನು ಕಣ್ಣುಗಳನ್ನು ಕಳೆದುಕೊಂಡು ಮರಳುತ್ತಾನೆ. ಆಮೇಲೆ ಗೊತ್ತಾಗುವುದೇನೆಂದರೆ ಜಿನ್ನಿ ಎಂಬ ಹೆಣ್ಣೇ ಇರಲಿಲ್ಲ. ಅದು ಕಂಪ್ಯೂಟರ್ ಬರೆದ ಮುಖ. ಹಿಂದೆ ಇದ್ದವನು ವರ್ಜಿಲ್ ಎಂಬ ಮುದುಕ.

1997ರಲ್ಲಿ ಗ್ರೀಸ್ ದೇಶದ ಒನಾಸಿಸ್ ಪ್ರಶಸ್ತಿ ಈ ನಾಟಕಕ್ಕೆ ಬಂತು. 2001ರಲ್ಲಿ ಗೋವಿಂದ್ ನಿಹಲಾನಿ ಇದನ್ನು ‘ದೇಹಂ’ ಎಂಬ ಚಲನಚಿತ್ರ ಮಾಡಿದರು. ನಾಟಕ ನಡೆಯುವುದು 2010ರಲ್ಲಿ. ಬರೆದಾಗ ಅದು ಭವಿಷ್ಯ, ಈಗ ಅದು ಭೂತಕಾಲ. ಮನೆಯ ನಡುವೆ ತೂಗುವ, ನಾವು ಏನು ತಿನ್ನುತ್ತೇವೆ, ಎಷ್ಟು ನಡೆಯುತ್ತೇವೆ ಎಂದು ಕೇಳುವ ಯಂತ್ರ ಈಗ ಎಲ್ಲರ ಅಂಗಿಯ ಜೇಬಿನಲ್ಲಿದೆ. ಇಲ್ಲದ ಮನುಷ್ಯರ ಮುಖಗಳನ್ನು ಯಂತ್ರ ಸೃಷ್ಟಿಸುವುದೂ ಸಾಮಾನ್ಯ ಸಂಗತಿಯಾಗಿದೆ. ಈ ಮಟ್ಟಿಗೆ ಲೇಖಕಿಯ ದೃಷ್ಟಿ ತೀಕ್ಷ್ಣವಾಗಿತ್ತು ಎಂದು ಒಪ್ಪಲೇಬೇಕು.

ನನ್ನ ತಕರಾರು ಬೇರೆಡೆ ಇದೆ. ನಾಟಕದಲ್ಲಿ ಅಂಗ ಮಾರುವವನಿಗೆ ರಾಜೋಪಚಾರ. ಒಳ್ಳೆಯ ಆಹಾರ, ಶೌಚಾಲಯ, ಸ್ನಾನದ ವ್ಯವಸ್ಥೆ. ವಾಸ್ತವದಲ್ಲಿ ಹೀಗಾಗಲಿಲ್ಲ. 1980ರ ದಶಕದಲ್ಲಿ ಭಾರತ ಮೂತ್ರಪಿಂಡದ ಬಜಾರಾಗಿತ್ತು. ಕೊಲ್ಲಿ ದೇಶಗಳ ರೋಗಿಗಳು ಮುಂಬೈಗೆ ಬಂದು ಮೂತ್ರಪಿಂಡ ಕೊಂಡು ಹೋಗುತ್ತಿದ್ದರು. ಹಾಗೆ ಕೊಂಡವರಲ್ಲಿ ಸಾವು ಮತ್ತು ಸೋಂಕು ಎಷ್ಟು ಹೆಚ್ಚಾಗಿತ್ತು ಎಂಬುದನ್ನು ಯುಎಇ ಮತ್ತು ಒಮಾನ್‌ನ ವೈದ್ಯರು 1990ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಇಲ್ಲಿ ಕೊಂಡವರೂ ಮುಸ್ಲಿಮರೇ ಇದ್ದರು ಎಂಬುದನ್ನು ನಾವು ಮರೆಯಬಾರದು. ಶೋಷಕ ಎಂದರೆ ಯಾವಾಗಲೂ ಬಿಳಿಯನೇ ಎಂದು ನಾಟಕ ನಮಗೆ ಕೊಡುವ ಸಮಾಧಾನ ಅಷ್ಟು ಸುಲಭವಾಗಿ ಸಿಗುವಂಥದ್ದಲ್ಲ.

1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆ ಬಂದು ಮಾರಾಟ ಅಪರಾಧವಾಯಿತು. ಆದರೂ ಮಾರಾಟ ನಿಲ್ಲಲಿಲ್ಲ. 2001ರಲ್ಲಿ ಚೆನ್ನೈಯಲ್ಲಿ ಮೂತ್ರಪಿಂಡ ಮಾರಿದ 305 ಮಂದಿಯನ್ನು ಸಂಶೋಧಕರು ಮಾತನಾಡಿಸಿದರು. ಅವರಲ್ಲಿ ನೂರಕ್ಕೆ 96 ಮಂದಿ ಮಾರಿದ್ದು ಸಾಲ ತೀರಿಸಲು. ಸಿಕ್ಕ ಹಣ ಸರಾಸರಿ 1,070 ಡಾಲರ್. ಆದರೆ ಮಾರಿದ ಮೇಲೆ ಕುಟುಂಬದ ಆದಾಯ ಮೂರನೇ ಒಂದರಷ್ಟು ಕುಸಿದಿತ್ತು. ಮುಕ್ಕಾಲು ಪಾಲು ಜನ ಇನ್ನೂ ಸಾಲದಲ್ಲೇ ಇದ್ದರು. ನೂರಕ್ಕೆ 86 ಮಂದಿಯ ಆರೋಗ್ಯ ಮೊದಲಿಗಿಂತ ಕೆಟ್ಟಿತ್ತು. ಓಂ ಪ್ರಕಾಶನ ಮನೆಗೆ ಬಂದ ಐಶ್ವರ್ಯ ಇವರ ಮನೆಗೆ ಬರಲಿಲ್ಲ. ದುರಾಸೆಯ ಕುಟುಂಬವನ್ನು ತೋರಿಸಿದ ನಾಟಕ ಸಾಲದ ಕುಟುಂಬವನ್ನು ತೋರಿಸಲಿಲ್ಲ. ದುರಾಸೆಗೆ ನೀತಿಪಾಠ ಹೇಳಬಹುದು. ಸಾಲಕ್ಕೆ ಏನು ಹೇಳುವುದು?

ಇನ್ನೊಂದು ತಕರಾರು. ನಾಟಕದಲ್ಲಿ ಕೊಡುವವನು ಗಂಡಸು, ಕೊಳ್ಳುವವನು ಸಮುದ್ರದಾಚೆಯವನು. ನಮ್ಮ ನಾಡಿನ ಲೆಕ್ಕ ಬೇರೆಯೇ ಇದೆ. ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯ ಅಂಕಿ ಅಂಶಗಳ ಪ್ರಕಾರ 1995ರಿಂದ 2021ರವರೆಗೆ ಭಾರತದಲ್ಲಿ ನಡೆದ 36,640 ಕಸಿಗಳಲ್ಲಿ ಅಂಗ ಪಡೆದ ಹೆಂಗಸರು ಕೇವಲ 6,945. ಉಳಿದವರೆಲ್ಲ ಗಂಡಸರು. ಆದರೆ ಬದುಕಿರುವಾಗಲೇ ಅಂಗ ಕೊಡುವವರಲ್ಲಿ ಹೆಂಡತಿಯರು ಮತ್ತು ತಾಯಂದಿರೇ ಹೆಚ್ಚು. ಇಲ್ಲಿ ಯಾವ ಬಹುರಾಷ್ಟ್ರೀಯ ಕಂಪೆನಿಯೂ ಇಲ್ಲ, ಕರಾರು ಪತ್ರವೂ ಇಲ್ಲ. ಕೊಡುವವಳು ಮತ್ತು ಪಡೆಯುವವನು ಒಂದೇ ದಸ್ತರ್‌ಖಾನಿನ ಮುಂದೆ ಕುಳಿತು ಉಣ್ಣುವವರು.

ಯಂತ್ರ ಬಂದಾಗಲೆಲ್ಲ ನ್ಯಾಯದ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ. ಕೃತಕ ಮೂತ್ರಪಿಂಡವನ್ನು ರೂಪಿಸಿದವರು ಡಚ್ ವೈದ್ಯ ವಿಲ್ಲೆಮ್ ಕೋಲ್ಫ್. ಅದು ನಾಜಿಗಳ ವಶದಲ್ಲಿದ್ದ ಹಾಲೆಂಡಿನಲ್ಲಿ, 1943ರ ಸುಮಾರಿಗೆ. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರು ಪದೇ ಪದೇ ಡಯಾಲಿಸಿಸ್ ಮಾಡಲು ಸಾಧ್ಯವಾಗುವ ಒಂದು ಕೊಳವೆಯನ್ನು ಕಂಡುಹಿಡಿದರು. ಕೂಡಲೇ ಸಮಸ್ಯೆ ಎದುರಾಯಿತು. ಯಂತ್ರಗಳು ಕೆಲವೇ, ರೋಗಿಗಳು ಅನೇಕ. ಯಾರನ್ನು ಬದುಕಿಸುವುದು? ಅದಕ್ಕಾಗಿ ಏಳು ಮಂದಿ ನಾಗರಿಕರ ಗುಪ್ತ ಸಮಿತಿಯೊಂದನ್ನು ಮಾಡಿದರು. ಆದಾಯವೆಷ್ಟು, ಮಕ್ಕಳೆಷ್ಟು, ಚರ್ಚಿಗೆ ಹೋಗುತ್ತಾನೆಯೇ ಎಂಬುದನ್ನೆಲ್ಲ ನೋಡಿ ಅವರು ಜೀವ ಹಂಚಿದರು. 1962ರಲ್ಲಿ ‘ಲೈಫ್’ ಪತ್ರಿಕೆ ಇದನ್ನು ಬಯಲಿಗೆ ತಂದಾಗ ದೊಡ್ಡ ಚರ್ಚೆಯಾಯಿತು. ಕೊನೆಗೆ 1972ರಲ್ಲಿ ಅಮೆರಿಕ ಸರಕಾರ ಮೂತ್ರಪಿಂಡ ವೈಫಲ್ಯದ ಚಿಕಿತ್ಸೆಯ ವೆಚ್ಚವನ್ನು ತಾನೇ ಭರಿಸುವ ಕಾನೂನು ಮಾಡಿತು. ಇದನ್ನು ಗಮನಿಸಬೇಕು. ಅನ್ಯಾಯವನ್ನು ಹೋಗಲಾಡಿಸಿದ್ದು ಇನ್ನೂ ಒಳ್ಳೆಯ ಯಂತ್ರವಲ್ಲ, ಕಾನೂನು ಮತ್ತು ಹಣ.

ಆ ಸಮಿತಿಯ ಸದಸ್ಯರಿಗೆ ಮುಖವಾದರೂ ಇತ್ತು. ಇಂದಿನ ಸಮಿತಿ ಸೂತ್ರಗಳ ಒಳಗೆ ಅಡಗಿದೆ. ರಕ್ತದ ಕ್ರಿಯಾಟಿನಿನ್ ನೋಡಿ ಮೂತ್ರಪಿಂಡದ ಶಕ್ತಿಯನ್ನು ಅಂದಾಜು ಮಾಡುವ ಸೂತ್ರವೊಂದಿದೆ. ಅಮೆರಿಕದಲ್ಲಿ ಬಹಳ ವರ್ಷ ರೋಗಿ ಕಪ್ಪು ಜನಾಂಗದವನಾದರೆ ಉತ್ತರಕ್ಕೆ ಒಂದಷ್ಟು ಸೇರಿಸಿ ಹೇಳುತ್ತಿದ್ದರು. ಅಂದರೆ ಅವನ ಮೂತ್ರಪಿಂಡ ಇರುವುದಕ್ಕಿಂತ ಚೆನ್ನಾಗಿದೆ ಎಂದು ಯಂತ್ರ ಹೇಳುತ್ತಿತ್ತು. ಕಸಿಯ ಸಾಲಿನಲ್ಲಿ ಅವನು ಹಿಂದೆ ಬೀಳುತ್ತಿದ್ದ. 2021ರಲ್ಲಿ ಅಲ್ಲಿನ ಮೂತ್ರಪಿಂಡ ತಜ್ಞರ ಸಂಸ್ಥೆಗಳೇ ಜನಾಂಗದ ಲೆಕ್ಕವಿಲ್ಲದ ಸೂತ್ರಕ್ಕೆ ಹೋಗಬೇಕೆಂದು ಹೇಳಿದವು. 2023ರಿಂದ ಅಂಥ ರೋಗಿಗಳ ಕಾದ ಕಾಲವನ್ನು ಸರಿಪಡಿಸಿ ಬರೆಯುವ ನಿಯಮವೂ ಬಂತು. ಇನ್ನೊಂದು ಉದಾಹರಣೆ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಾರಿಗೆ ಹೆಚ್ಚಿನ ಆರೈಕೆ ಬೇಕು ಎಂದು ಆರಿಸುವ ಒಂದು ಕಂಪ್ಯೂಟರ್ ಲೆಕ್ಕ, ಕಾಯಿಲೆಯನ್ನು ಅಳೆಯುವ ಬದಲು ಖರ್ಚನ್ನು ಅಳೆಯುತ್ತಿತ್ತು. ಬಡವನಿಗೆ ಖರ್ಚು ಮಾಡಿದ್ದೇ ಕಡಿಮೆ. ಆದ್ದರಿಂದ ಅವನಿಗೆ ಕಾಯಿಲೆಯೂ ಕಡಿಮೆ ಎಂದು ಲೆಕ್ಕ ಬಂತು. ತಪ್ಪನ್ನು ಸರಿಪಡಿಸಿದರೆ ಹೆಚ್ಚಿನ ಆರೈಕೆಗೆ ಆಯ್ಕೆಯಾಗುವ ಕಪ್ಪು ರೋಗಿಗಳ ಪಾಲು ನೂರಕ್ಕೆ 17.7ರಿಂದ 46.5ಕ್ಕೆ ಏರುತ್ತಿತ್ತು. ಯಾರೂ ದ್ವೇಷದಿಂದ ಇದನ್ನು ಬರೆದಿರಲಿಲ್ಲ. ದ್ವೇಷವಿಲ್ಲದೆಯೂ ಅನ್ಯಾಯ ನಡೆಯಬಲ್ಲದು ಎಂಬುದೇ ಇಲ್ಲಿನ ಭಯ.

ಇದೆಲ್ಲ ಅಮೆರಿಕದ ಮಾತಾಯಿತು. ನನ್ನ ಮಾಮುವಿನ ಮಾತಿಗೆ ಬರುತ್ತೇನೆ. ಅವರು ನಲವತ್ತು ವರ್ಷ ರೇಷ್ಮೆ ನೂಲು ಬಿಚ್ಚಿದವರು. ಕುದಿಯುವ ನೀರಿನಲ್ಲಿ ಗೂಡುಗಳ ನಡುವೆ ಬೆರಳಾಡಿಸಿ ಎಳೆ ಹುಡುಕುವ ಕೆಲಸ. ಅವರ ಬೆರಳ ತುದಿಗಳು ನಯವಾಗಿ ಸವೆದುಹೋಗಿವೆ. ಉಚಿತ ಚಿಕಿತ್ಸೆಯ ಕಾರ್ಡಿಗೆ ಹೆಬ್ಬೆಟ್ಟು ಒತ್ತಬೇಕು. ಯಂತ್ರ ಒಪ್ಪಲಿಲ್ಲ. ಒರೆಸಿ ಒತ್ತಿದರು, ಎಣ್ಣೆ ಸವರಿ ಒತ್ತಿದರು. ಕೌಂಟರಿನ ಹುಡುಗ ಕೆಟ್ಟವನಲ್ಲ. ಆದರೂ ಅವನು ಹೇಳಿದ್ದು, “ಅಜ್ಜಾ, ಇದು ನೀವಲ್ಲ ಅಂತಿದೆ.” ಕಣ್ಣಿನ ಪಾಪೆಯ ಯಂತ್ರ ಆ ದಿನ ಕೆಟ್ಟಿತ್ತು. ಅವತ್ತಿನ ಸರದಿ ತಪ್ಪಿತು. ಡಯಾಲಿಸಿಸ್ ಸರದಿ ತಪ್ಪುವುದು ಬಸ್ಸು ತಪ್ಪಿದಂತಲ್ಲ. ಮೈಯಲ್ಲಿ ನೀರು ತುಂಬುತ್ತದೆ, ಅದು ಶ್ವಾಸಕೋಶಕ್ಕೆ ಏರುತ್ತದೆ. ಆ ರಾತ್ರಿ ಮಾಮು ಮಲಗಲಾಗದೆ ಗೋಡೆಗೆ ಒರಗಿ ಕುಳಿತೇ ಬೆಳಗು ಮಾಡಿದರು. ಅವರ ರಕ್ತವನ್ನು ಶುದ್ಧ ಮಾಡುವ ಯಂತ್ರ ಮತ್ತು ಅವರು ಅವರಲ್ಲ ಎನ್ನುವ ಯಂತ್ರ ಒಂದೇ ಕಟ್ಟಡದಲ್ಲಿವೆ. ಬದುಕು ಕೊಟ್ಟದ್ದಕ್ಕೆ ಮೊದಲನೆಯದರ ಬಗ್ಗೆ ನನಗೆ ಕೃತಜ್ಞತೆ ಇದೆ. ಅದನ್ನು ಮರೆತು ಬರೆದರೆ ನಾನು ಸುಳ್ಳುಗಾರನಾಗುತ್ತೇನೆ.

‘ನಾನು’ ಎಂಬುದು ಮೈಯಲ್ಲಿ ಎಲ್ಲಿದೆ? ಕನ್ನಡ ಶಾಲೆಯಲ್ಲಿ ನಾನು ಮೂತ್ರಜನಕಾಂಗ ಎಂದು ಕಲಿತೆ. ಅದು ಕೆಲಸದ ಹೆಸರು. ಮನೆಯ ಉರ್ದುವಿನಲ್ಲಿ ಅದೇ ಅಂಗ ಗುರ್ದಾ. ಅದು ಧೈರ್ಯದ ಹೆಸರು. ಎದೆಗಾರಿಕೆ ಬೇಕಾದ ಕೆಲಸವನ್ನು ನಮ್ಮ ಹಿರಿಯರು ‘ದಿಲ್ ಗುರ್ದೆ ಕಾ ಕಾಮ್’ ಎನ್ನುತ್ತಾರೆ. ಮಗನನ್ನು ‘ಲಖ್ತೆ ಜಿಗರ್’, ಅಂದರೆ ಪಿತ್ತಜನಕಾಂಗದ ತುಣುಕು ಎನ್ನುತ್ತಾರೆ. ಕನ್ನಡದ ತಾಯಿಗೆ ಮಗು ಕರುಳಿನ ಕುಡಿ. ಇಂದು ತಂದೆಯ ಯಕೃತ್ತಿನ ತುಣುಕನ್ನು ಕತ್ತರಿಸಿ ಮಗುವಿಗೆ ಜೋಡಿಸುವುದು ಸಾಧ್ಯವಾಗಿದೆ. ನುಡಿಗಟ್ಟು ನಿಜವಾಗಿಬಿಟ್ಟಿದೆ. ಆದರೆ ಅದೇ ವಿದ್ಯೆ ಗುರ್ದಾವನ್ನು ಒಂದು ಬಿಡಿಭಾಗವನ್ನಾಗಿಯೂ ಮಾಡಿದೆ. ಮಮತೆ ಮತ್ತು ಮಾರಾಟ ಎರಡಕ್ಕೂ ಶಸ್ತ್ರಕ್ರಿಯೆಯ ಕೋಣೆ ಒಂದೇ, ಕತ್ತರಿಯೂ ಒಂದೇ.

ನಮ್ಮಲ್ಲಿ ದೇಹವನ್ನು ಅಮಾನತ್ ಎನ್ನುತ್ತೇವೆ. ನನ್ನದಲ್ಲ, ನನ್ನ ಬಳಿ ಇಟ್ಟದ್ದು. ಹಾಗಾದರೆ ಇನ್ನೊಬ್ಬರಿಗೆ ಕೊಡಬಹುದೇ ಎಂಬುದು ಉಲೇಮಾಗಳ ನಡುವೆ ದೀರ್ಘ ಚರ್ಚೆಯ ವಿಷಯವಾಗಿತ್ತು, ಈಗಲೂ ಎಲ್ಲರದೂ ಒಂದೇ ಅಭಿಪ್ರಾಯವಲ್ಲ. 1988ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ಷರತ್ತುಗಳೊಂದಿಗೆ ಅಂಗದಾನವನ್ನು ಒಪ್ಪಿತು, ಮಾರಾಟವನ್ನು ನಿಷೇಧಿಸಿತು. ಅದೇ ಕಾಲಕ್ಕೆ ಇರಾನ್ ಇನ್ನೊಂದು ದಾರಿ ಹಿಡಿದು, ಮೂತ್ರಪಿಂಡ ಕೊಡುವವನಿಗೆ ಹಣ ಸಿಗುವ ಪದ್ಧತಿಗೆ ಸರಕಾರದ ಚೌಕಟ್ಟು ಕಟ್ಟಿತು. ಅಲ್ಲಿಯೂ ಕೊಡಲು ಬರುವವರು ಹೆಚ್ಚಾಗಿ ಬಡವರೇ. ಅಮಾನತ್ ಎಂಬ ಮಾತನ್ನು ಬಡವನಿಗೆ ಮಾತ್ರ ಬೋಧಿಸಿ, ಅವನ ಸಾಲದ ಬಗ್ಗೆ ಸುಮ್ಮನಿದ್ದರೆ ಆ ಮಾತಿಗೆ ಬೆಲೆ ಉಳಿಯುವುದಿಲ್ಲ ಎಂಬುದು ನನ್ನ ಅನಿಸಿಕೆ.

‘ಹಾರ್ವೆಸ್ಟ್’ ನಾಟಕದ ಕೊನೆಯಲ್ಲಿ ಉಳಿಯುವವಳು ಜಯಾ ಒಬ್ಬಳೇ. ಓಂ ತಾನಾಗಿಯೇ ಮಾರಾಟಕ್ಕೆ ಹೋಗಿದ್ದಾನೆ. ಅತ್ತೆ ಟಿವಿ ನೋಡುವ ಯಂತ್ರದೊಳಗೆ ಸೇರಿಕೊಂಡಿದ್ದಾಳೆ. ವರ್ಜಿಲ್ ಈಗ ಜಯಾಳ ಗರ್ಭವನ್ನು ಕೇಳುತ್ತಾನೆ, ಅದೂ ದೂರದಿಂದಲೇ, ಯಂತ್ರದ ಮೂಲಕ. ಬೇಕಾದರೆ ನೀನೇ ಖುದ್ದಾಗಿ ಬಾ, ಇಲ್ಲದಿದ್ದರೆ ಸಾಯುತ್ತೇನೆ ಎಂದು ಅವಳು ಬಾಗಿಲು ಹಾಕಿಕೊಳ್ಳುತ್ತಾಳೆ. ಈ ದೃಶ್ಯಕ್ಕಾಗಿ ನಾನು ನಾಟಕದ ಉಳಿದ ದೋಷಗಳನ್ನೆಲ್ಲ ಮನ್ನಿಸಬಲ್ಲೆ. ಏಕೆಂದರೆ ಇಡೀ ನಾಟಕದಲ್ಲಿ ಬೆಲೆ ಕೇಳದೆ ಮುಖ ಕೇಳಿದವಳು ಅವಳೊಬ್ಬಳೇ.

ಆದರೆ ಬಾಗಿಲು ಹಾಕಿಕೊಳ್ಳಲಾಗದ ಜಯಾಗಳೂ ಇದ್ದಾರೆ. ಮಾಮುವಿಗೆ ಗುರ್ದಾ ಕೊಡಲು ಮಾಮಿ ಮುಂದೆ ಬಂದರು. ಯಾರೂ ಒತ್ತಾಯಿಸಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಬಲವಂತವೇನಾದರೂ ಇದೆಯೇ ಎಂದು ವೈದ್ಯರು ಕೇಳಿದಾಗ ಇಲ್ಲ ಎಂದರು. ಆಟೋದಲ್ಲಿ ಮನೆಗೆ ಮರಳುವಾಗ ನನ್ನನ್ನು ಕೇಳಿದರು, “ನನ್ನದು ಕೆಟ್ಟಿದ್ದರೆ ಅವರನ್ನು ಇದನ್ನೇ ಕೇಳುತ್ತಿದ್ದರಾ?” ನಾನು ಕಥೆ ಬರೆಯುವವನು. ಆದರೂ ಉತ್ತರ ಹೊಳೆಯಲಿಲ್ಲ.

ವಾರದ ನಂತರ ತಪಾಸಣೆಯ ವರದಿಗಳು ಬಂದವು. ಮಾಮಿಗೆ ಸಕ್ಕರೆ ಕಾಯಿಲೆ ಇದೆ, ಬಹಳ ವರ್ಷಗಳಿಂದ ಇದ್ದಿರಬೇಕು, ಗುರ್ದಾ ಕೊಡುವಂತಿಲ್ಲ ಎಂದರು. ಐವತ್ತೆಂಟು ವರ್ಷದ ಆಕೆಯ ರಕ್ತವನ್ನು ಆಕೆಯ ಮನೆಯವರು, ನಾನೂ ಸೇರಿ, ಮೊದಲ ಸಲ ಪರೀಕ್ಷೆ ಮಾಡಿಸಿದ್ದು ಅದರಿಂದ ಇನ್ನೊಬ್ಬರಿಗೆ ಉಪಯೋಗವಿದೆಯೇ ಎಂದು ನೋಡಲು. ಈಗ ಮಂಗಳವಾರ ಮತ್ತು ಶುಕ್ರವಾರ ಮಾಮು ಡಯಾಲಿಸಿಸ್ ಕೋಣೆಗೆ ಹೋಗುತ್ತಾರೆ. ತಿಂಗಳಿಗೊಮ್ಮೆ ಮಾಮಿಯೂ ಜೊತೆಗೆ ಬಂದು, ಪಕ್ಕದ ಸಾಲಿನಲ್ಲಿ ನಿಂತು ತಮ್ಮ ಮಾತ್ರೆ ತೆಗೆದುಕೊಂಡು ಹೋಗುತ್ತಾರೆ.