ಮುದ್ದೆಯ ಮುಂದೆ ಇಂಡಕ್ಷನ್ ಒಲೆ

ಇಂಡಕ್ಷನ್ ಒಲೆ ಕೊಳ್ಳಲು ಹೋದವರು ಎಷ್ಟು ವ್ಯಾಟ್, ಎಷ್ಟು ಬಟನ್, ವಾರಂಟಿ ಎಷ್ಟು ವರ್ಷ ಎಂದೆಲ್ಲ ವಿಚಾರಿಸುತ್ತಾರೆ. ಮನೆಯಲ್ಲಿರುವ ಪಾತ್ರೆಗಳು ಎಂಥವು ಎಂದು ಯೋಚಿಸುವವರು ಕಡಿಮೆ. ಮೊದಲು ಯೋಚಿಸಬೇಕಾದದ್ದೇ ಅದು. ಈ ಒಲೆಯಲ್ಲಿ ಬೆಂಕಿಯೂ ಇಲ್ಲ, ಕಾದು ಕೆಂಪಾಗುವ ತಂತಿಯೂ ಇಲ್ಲ. ಗಾಜಿನ ಕೆಳಗೆ ತಾಮ್ರದ ಸುರುಳಿಯೊಂದಿದೆ. ಅದರೊಳಗಿನ ವಿದ್ಯುತ್ತು ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುತ್ತದೆ. ಆ ಏರಿಳಿತಕ್ಕೆ ಸಿಕ್ಕ ಕಬ್ಬಿಣದ ತಳದಲ್ಲಿ ವಿದ್ಯುತ್ತಿನ ಸುಳಿಗಳೆದ್ದು ತಳವೇ ಕಾಯುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವ ಇದು. 1950ರ ದಶಕದಲ್ಲಿ ಅಮೆರಿಕದ ಫ್ರಿಜಿಡೇರ್‌ನವರು ಒಲೆಗೂ ಪಾತ್ರೆಗೂ ನಡುವೆ ದಿನಪತ್ರಿಕೆ ಹಾಸಿ ನೀರು ಕುದಿಸಿ ಜನರಿಗೆ ತೋರಿಸಿದ್ದರು. (ನೀವು ಈ ಪುಟ ಹಾಸಿ ನೋಡಬೇಡಿ. ಬರಿ ಪಾತ್ರೆ ವಿಪರೀತ ಕಾದರೆ ಕಾಗದ ಸುಟ್ಟೀತು, ಅಂಕಣವೂ ಇನ್ನೂ ಮುಗಿದಿಲ್ಲ.)

ಹಾಗಾಗಿ ಪಾತ್ರೆ ಅಂಗಡಿಗೆ ಹೋಗುವಾಗ ಜೇಬಿನಲ್ಲೊಂದು ಆಯಸ್ಕಾಂತ ಇಟ್ಟುಕೊಳ್ಳಿ. ಪಾತ್ರೆಯ ತಳಕ್ಕೆ ಅದು ಟಪ್ಪೆಂದು ಅಂಟಿಕೊಂಡರೆ ಸರಿ, ಜಾರಿ ಬಿದ್ದರೆ ಬೇಡ. ನಮ್ಮ ಕಡೆ ಸಿಲ್ವರ್ ಪಾತ್ರೆ ಎಂದು ಕರೆಯುವ ಅಲ್ಯೂಮಿನಿಯಂ, ಅಜ್ಜಿ ಕಾಲದ ತಾಮ್ರ, ಹಿತ್ತಾಳೆ ಯಾವುದೂ ನಡೆಯದು. ಸ್ಟೀಲಿನಲ್ಲೂ ಎಲ್ಲವೂ ಅಂಟುವುದಿಲ್ಲ. ಅಂಟಿದರೂ ತಳ ತೀರ ಚಿಕ್ಕದಾಗಿದ್ದರೆ ಒಲೆ ಅದನ್ನು ಪಾತ್ರೆಯೆಂದು ಒಪ್ಪುವುದೇ ಇಲ್ಲ. ಒಬ್ಬರಿಗಾಗುವಷ್ಟು ಕಾಫಿಗೆ ಹಾಲು ಬಿಸಿ ಮಾಡಲು ಹೋದವರಿಗೆ, ಒಗ್ಗರಣೆ ಸೌಟು ಇಟ್ಟವರಿಗೆ ಅದು ಬೀಪ್ ಬೀಪ್ ಎಂದದ್ದು ಗೊತ್ತಿರುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಅಡುಗೆಮನೆಯಲ್ಲಿ ಈ ಒಲೆಗೆ ನಿಜವಾದ ಪರೀಕ್ಷೆ ರಾಗಿ ಮುದ್ದೆ. ಎಸರು ಕುದಿಯುವ ತನಕ ಇದನ್ನು ಮೀರಿಸುವ ಒಲೆ ಇಲ್ಲ. 2,000 ವ್ಯಾಟಿನಲ್ಲಿ ಒಂದು ಲೀಟರ್ ನೀರು ಮೂರು ಮೂರೂವರೆ ನಿಮಿಷಕ್ಕೆ ಮರಳುತ್ತದೆ. ತೊಂದರೆ ಶುರುವಾಗುವುದು ಹಿಟ್ಟು ಬಿಟ್ಟ ಮೇಲೆ. ಸೌದೆ ಒಲೆಯ ಉರಿ ಪಾತ್ರೆಯ ಪಕ್ಕಗಳನ್ನೂ ತಬ್ಬಿಕೊಳ್ಳುತ್ತದೆ. ಇಲ್ಲಿ ಕಾಯುವುದು ತಳ ಮಾತ್ರ. ನೀರಾದರೆ ಕೆಳಗಿನ ಬಿಸಿಯನ್ನು ಮೇಲಕ್ಕೆ ಒಯ್ಯುತ್ತದೆ. ಗಟ್ಟಿ ಹಿಟ್ಟು ಕೂತಲ್ಲೇ ಕೂತಿರುತ್ತದೆ, ತಳ ಹತ್ತುತ್ತದೆ. ಉರಿ ತಗ್ಗಿಸೋಣವೆಂದರೆ ಅಗ್ಗದ ಮಾದರಿಗಳಿಗೆ ಸಣ್ಣ ಉರಿಯೇ ಬಾರದು. 400 ವ್ಯಾಟ್ ಎಂದು ಒತ್ತಿದರೆ, ಸಾವಿರದ ಆಸುಪಾಸಿನಲ್ಲಿ ಕೆಲವು ಸೆಕೆಂಡ್ ಉರಿದು, ಕೆಲವು ಸೆಕೆಂಡ್ ಸುಮ್ಮನಿದ್ದು ಸರಾಸರಿ ಸರಿಮಾಡಿಕೊಳ್ಳುತ್ತವೆ. ಹಾಲು ಕಾಯಿಸುವಾಗ ಉಕ್ಕಿ, ಇಳಿದು, ಮತ್ತೆ ಉಕ್ಕುವುದು ಇದರಿಂದಲೇ.

ಇದಕ್ಕೆ ಮದ್ದು ದಪ್ಪ ತಳದ ಪಾತ್ರೆ. ಎದ್ದು ಬಿದ್ದು ಬರುವ ಬಿಸಿಯನ್ನು ಅದು ಹೀರಿಟ್ಟುಕೊಂಡು ಹದವಾಗಿ ಬಿಡುತ್ತದೆ. ಎಸರಿಗೆ ಮೊದಲೇ ಒಂದು ಚಮಚ ಹಿಟ್ಟು ಕಲಸಿ ಬಿಡಿ. ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ತೂತು ಮಾಡಿ, ಸುತ್ತಲಿನ ನೀರು ಗುಡ್ಡೆಯ ಮೇಲೆ ಉಕ್ಕುವಂತೆ ಬೇಯಿಸಿ. ನೀರು ಇಂಗುತ್ತ ಬಂದ ಕೂಡಲೇ ಉರಿ ಆರಿಸಿ ಮುಚ್ಚಳ ಮುಚ್ಚಿ. ಮಿಕ್ಕ ಬೇಯುವಿಕೆಯನ್ನು ತಳದ ಕಾವೇ ನೋಡಿಕೊಳ್ಳುತ್ತದೆ. ತೊಳಸುವ ಕೆಲಸ ಮಾತ್ರ ಗಾಜಿನ ಮೇಲೆ ಖಂಡಿತ ಬೇಡ. ಮುದ್ದೆ ಕೋಲಿಗೆ ಬೀಳುವ ರಟ್ಟೆಯ ಬಲ ಎಷ್ಟೆಂದು ಈ ಸೀಮೆಯವರಿಗೆ ಹೇಳಬೇಕಿಲ್ಲ. ಅದನ್ನು ತಡೆಯಲೆಂದು ಆ ಗಾಜು ಮಾಡಿದ್ದಲ್ಲ. ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲು ಮೆಟ್ಟಿ ತಿರುವುವ ಹಳೆಯ ಕ್ರಮವೇ ಇಲ್ಲಿಗೂ ಸರಿ.

ಅಕ್ಕಿ ರೊಟ್ಟಿಗೆ ಸಮತಟ್ಟಾದ ಕಬ್ಬಿಣದ ಕಾವಲಿ ಚೆನ್ನ. ಆದರೆ ಒಳಗಿನ ಸುರುಳಿ ಕಾವಲಿಗಿಂತ ಕಿರಿದು. ರೊಟ್ಟಿಯ ನಡು ಕಂದಿದರೂ ಅಂಚು ಹಸಿಯೇ ಇರುತ್ತದೆ. ಐದಾರು ನಿಮಿಷ ಮಧ್ಯಮ ಉರಿಯಲ್ಲಿ ಕಾವಲಿ ಕಾಯಲು ಬಿಟ್ಟು, ಆಮೇಲೆ ರೊಟ್ಟಿ ಹಾಕಿ. ಅವಸರಕ್ಕೆ 2,000 ಒತ್ತಿದರೆ ಕಾವಲಿ ಡೊಂಕಾಗುವುದೂ ಉಂಟು. ತೆರೆಯ ಮೇಲೆ ಕಾಣುವ ಡಿಗ್ರಿಯನ್ನಂತೂ ನಾನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ. ಅದನ್ನು ಅಳೆಯುವ ಸಾಧನ ಇರುವುದು ಗಾಜಿನ ಅಡಿಯಲ್ಲಿ, ಎಣ್ಣೆಯಲ್ಲಲ್ಲ. ಎಣ್ಣೆ ಕಾದಿದೆಯೋ ಇಲ್ಲವೋ ಎಂಬುದನ್ನು ಒಂದು ಸಾಸಿವೆ ಕಾಳು ಇದಕ್ಕಿಂತ ನಿಖರವಾಗಿ ಹೇಳುತ್ತದೆ.

ಹಬೆಯ ಅಡುಗೆಗೆ ಬಂದರೆ ನನಗೆ ಗುರುಪುರ ನೆನಪಾಗುತ್ತದೆ. ಹುಣಸೂರು ತಾಲ್ಲೂಕಿನ ಈ ಟಿಬೆಟನ್ ನೆಲೆ 1972ರಲ್ಲಿ ಶುರುವಾದದ್ದು. ಗ್ಯುಮೆ ತಾಂತ್ರಿಕ ಮಠ ಇರುವುದೂ ಇಲ್ಲೇ. ಅಲ್ಲಿ ಮೊಮೊ, ಊರ ಮನೆಗಳಲ್ಲಿ ಇಡ್ಲಿ. ಎರಡಕ್ಕೂ ಬೇಕಾದದ್ದು ಎಡೆಬಿಡದ ಹಬೆ, ಇಂಡಕ್ಷನ್ನಿಗೆ ಅದು ನೀರು ಕುಡಿದಷ್ಟು ಸುಲಭ. ಹಬೆ ಪಾತ್ರೆ ಸಿಲ್ವರಿನದು, ಏನು ಮಾಡುವುದು ಎಂದು ಕೇಳುವವರಿದ್ದಾರೆ. ಇಡೀ ಪಾತ್ರೆ ಬದಲಿಸಬೇಕಿಲ್ಲ. ಆಯಸ್ಕಾಂತ ಹಿಡಿಯಬೇಕಾದದ್ದು ನೀರಿರುವ ಕೆಳಗಿನ ಪಾತ್ರೆಯೊಂದೇ. ಮೇಲಿನ ಅಂತಸ್ತುಗಳು ಸಿಲ್ವರಾಗಲಿ, ಬಿದಿರಾಗಲಿ, ಇಡ್ಲಿ ತಟ್ಟೆಯಾಗಲಿ, ಹಬೆಗೆ ಭೇದವಿಲ್ಲ.

ಇನ್ನು ದುಡ್ಡಿನ ಮಾತು. 14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ಟಿನಷ್ಟು ಶಾಖವಿದೆ. ಮನೆಯ ಬರ್ನರಿನಲ್ಲಿ ನೂರಕ್ಕೆ ಅರವತ್ತು ಪಾಲು ಪಾತ್ರೆಗೆ ಸೇರುತ್ತದೆ, ಇಂಡಕ್ಷನ್ನಿನಲ್ಲಿ ಎಂಬತ್ತೈದು ಪಾಲು ಎಂದಿಟ್ಟುಕೊಂಡರೆ, ಒಂದು ಸಿಲಿಂಡರಿನ ಅಡುಗೆಗೆ ಹತ್ತಿರ ಹತ್ತಿರ 130 ಯೂನಿಟ್ ಬೇಕು. ಗೃಹಜ್ಯೋತಿ ಇದೆಯಲ್ಲ, ಪುಕ್ಕಟೆ ಅಡುಗೆ ಎಂದು ಹಿಗ್ಗುವವರು ಎರಡು ಸಲ ಯೋಚಿಸಬೇಕು. 2023ರಲ್ಲಿ ಬಂದ ಆ ಯೋಜನೆಯಲ್ಲಿ ಪ್ರತಿ ಮನೆಯ ಮಿತಿ ನಿಂತಿರುವುದು ಹಿಂದಿನ ಬಳಕೆಯ ಸರಾಸರಿಯ ಮೇಲೆ. ಹೊಸ ಒಲೆ ನುಂಗುವ ಯೂನಿಟ್ಟು ಆ ಮಿತಿ ದಾಟಿದರೆ ಹೆಚ್ಚಿನದ್ದಕ್ಕೆ ದುಡ್ಡು ಕಟ್ಟಬೇಕು, ಒಟ್ಟು ಬಳಕೆ 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಸೆಸ್ಕ್ ಬಿಲ್ಲಿನಲ್ಲಿ ನಿಮ್ಮ ಸರಾಸರಿ ನೋಡಿಕೊಂಡೇ ಮುಂದುವರಿಯಿರಿ.

ಪ್ಲಗ್ಗಿನ ವಿಷಯದಲ್ಲಿ ಜಿಪುಣತನ ಬೇಡ. 2,000 ವ್ಯಾಟೆಂದರೆ ಒಂಬತ್ತು ಆಂಪಿಯರಿನ ಹತ್ತಿರ. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಸಾಕೆಟ್ಟು ಇದನ್ನು ತಡೆಯದು, ಕರಗುತ್ತದೆ. 16 ಆಂಪಿಯರಿನ ಪವರ್ ಪ್ಲಗ್ಗು, ಸರಿಯಾದ ಅರ್ಥಿಂಗ್ ಎರಡೂ ಇರಲೇಬೇಕು. ಮನೆಯ ಸಾಮಾನ್ಯ ಇನ್ವರ್ಟರನ್ನು ನಂಬಿಕೊಂಡು ಇದನ್ನು ಹಚ್ಚಲಾಗದು. ಕರೆಂಟು ಹೋದ ಹೊತ್ತಿಗೆ, ಬದನೆಕಾಯಿ ಸುಟ್ಟು ಗೊಜ್ಜು ಮಾಡಲಿಕ್ಕೆ, ಹಪ್ಪಳ ಸುಡಲಿಕ್ಕೆ ಗ್ಯಾಸು ಇದ್ದೇ ಇರಲಿ.

ಅಡುಗೆಯಾದ ಮರುಕ್ಷಣವೇ ಗೋಡೆಯ ಸ್ವಿಚ್ ಆರಿಸುವ ಚಾಳಿ ಬಹಳ ಮನೆಗಳಲ್ಲಿದೆ. ಒಳಗಿನ ಫ್ಯಾನು ಸುರುಳಿಯನ್ನು ತಣಿಸಿ ತಾನಾಗಿ ನಿಲ್ಲಲಿ, ಆಮೇಲೆ ಆರಿಸಿ. ಒಲೆಯ ಅಡಿಯಲ್ಲಿರುವ ಜಾಲರಿಗೆ ಆಗಾಗ ಒಣ ಬ್ರಷ್ ಆಡಿಸಿ: ಫ್ಯಾನು ಅಲ್ಲಿಂದಲೇ ಗಾಳಿ ಎಳೆಯುವುದರಿಂದ ರಾಗಿ ಹಿಟ್ಟಿನ ಧೂಳೂ ಅಲ್ಲೇ ಸೇರುತ್ತದೆ, ಬೆಚ್ಚಗಿನ ಜಾಗವೆಂದು ಜಿರಲೆಗಳೂ ಅಲ್ಲೇ ಬಿಡಾರ ಹೂಡುತ್ತವೆ.