ಗದ್ದೆಯ ಮೇಲಿನ ನೀರಿಗೆ ಒಪ್ಪುವ ಲಂಗರು

ಬೇಸಿಗೆಯಲ್ಲಿ ಹಾರಂಗಿಯ ಹಿನ್ನೀರು ಇಳಿಯುತ್ತಾ ಬಂದಾಗ ಕೊಡಗಿನವರಿಗೆ ಸಿಗುವ ಒಂದು ಭಾಗ್ಯ ಕಡಲ ನಾವಿಕರಿಗೆ ಸಿಕ್ಕಿದ್ದಿಲ್ಲ. ಮಳೆಗಾಲ ಕಳೆದ ಮೇಲೆ ಎಲ್ಲಿ ದೋಣಿ ನಿಲ್ಲಿಸಬೇಕೆಂದುಕೊಂಡಿದ್ದೇವೋ ಆ ನೆಲದ ಮೇಲೆ ಬರಿಗಾಲಲ್ಲಿ ಓಡಾಡಿ ಬರಬಹುದು. ಹಾಯಿಹಡಗುಗಳ ಕಾಲದಲ್ಲಿ ಆಳ ಅಳೆಯುವ ಸೀಸದ ಗುಂಡಿನ ತಳಕ್ಕೆ ಪ್ರಾಣಿಕೊಬ್ಬು ಮೆತ್ತಿ ಇಳಿಬಿಡುತ್ತಿದ್ದರು. ಮೇಲೆಳೆದಾಗ ಅದಕ್ಕೆ ಮರಳು ಅಂಟಿದೆಯೋ, ಚಿಪ್ಪಿನ ಚೂರೋ, ಕೆಸರೋ, ಇಲ್ಲ ಏನೂ ಇಲ್ಲವೋ ಎಂದು ನೋಡಿ ಲಂಗರು ಬಿಡುವ ಜಾಗ ಗೊತ್ತು ಮಾಡುತ್ತಿದ್ದರು. ಚಿಟಿಕೆ ಕೊಬ್ಬು ತಂದ ಸುದ್ದಿಯನ್ನು ನಂಬಿ ಹಡಗನ್ನೂ ಅದರಲ್ಲಿದ್ದವರ ಜೀವವನ್ನೂ ಒಪ್ಪಿಸಬೇಕಿತ್ತು. ನಮಗಾದರೋ ಏಪ್ರಿಲ್‌ನಲ್ಲಿ ತಳವೇ ಬಿಸಿಲಿಗೆ ಮೈಯೊಡ್ಡಿ ಬಿದ್ದಿರುತ್ತದೆ.

ಹಾರಂಗಿ ಪುಷ್ಪಗಿರಿ ಸಾಲಿನಲ್ಲಿ ಹುಟ್ಟಿ ಕೂಡಿಗೆಯಲ್ಲಿ ಕಾವೇರಿಯನ್ನು ಸೇರುವ ಹೊಳೆ. ಹುದುಗೂರಿನ ಬಳಿ ಅದಕ್ಕೆ ಕಟ್ಟಿದ ಅಣೆಕಟ್ಟು ಮುಗಿದದ್ದು 1982ರಲ್ಲಿ. ತುಂಬಿದಾಗ ನೀರಿನ ಮಟ್ಟ 2,859 ಅಡಿ, ಸಂಗ್ರಹ 8.5 ಟಿಎಂಸಿ. ಆ ನೀರು ಕೊಡಗು, ಮೈಸೂರು, ಹಾಸನ ಜಿಲ್ಲೆಗಳ ನಾಲೆಗಳಿಗೆ ಹರಿದು ಖಾಲಿಯಾಗುತ್ತಾ ಬಂದಂತೆ ಅಡಿಯ ನೆಲ ಬಗೆಬಗೆಯಾಗಿ ಹೊರಬೀಳುತ್ತದೆ. ಹಿಂದೆ ಗದ್ದೆಯಾಗಿದ್ದ ತಗ್ಗಿನಲ್ಲಿ ಜಿಗುಟು ಜೇಡಿ. ಬಾಣೆಯ ಏರಿನಲ್ಲಿ ಕೆಂಪು ಗರಸು. ಹಳೆಯ ಹೊಳೆಪಾತ್ರದ ಅಂಚಿಗೆ ಬಂಡೆ. ಅಲ್ಲಲ್ಲಿ ನೀರಲ್ಲೇ ಸತ್ತ ಮರಗಳ ಕರಿ ಬೊಡ್ಡೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಾಗ ಹಟ್ಟಿಹೊಳೆ, ಮಾದಾಪುರದ ಕಡೆಯಿಂದ ಬಂದ ಮಣ್ಣು ಹಾರಂಗಿಯ ಒಡಲಿಗೆ ಹೂಳಾಗಿ ಸೇರಿತು. ಲಂಗರು ಆರಿಸುವವರು ಮೊದಲು ಇಲ್ಲಿಗೆ ಬಂದು, ಕೈಗುದ್ದಲಿಯಿಂದ ನಾಲ್ಕು ಕಡೆ ಅಗೆದು, ಮಣ್ಣನ್ನು ಬೆರಳಲ್ಲಿ ಹಿಚುಕಿ ನೋಡಬೇಕು. ಅಂಗಡಿಯ ಮಾತು ಆಮೇಲಿನದು.

ಈ ಬಗೆಯ ಹಿನ್ನೀರಿಗೆ ಪಾಂಟೂನ್ ದೋಣಿ ಹೇಳಿ ಮಾಡಿಸಿದಂತಿದೆ. ಎರಡು ಉದ್ದನೆಯ ಲೋಹದ ಕೊಳವೆಗಳು, ಮೇಲೆ ಚಪ್ಪಟೆ ಅಟ್ಟ, ಅದರ ಮೇಲೊಂದು ಚಪ್ಪರ. ಅಮೆರಿಕದ ಮಿನ್ನೆಸೋಟದಲ್ಲಿ ಆ್ಯಂಬ್ರೋಸ್ ವೀರಿಸ್ ಎಂಬ ರೈತ 1952ರಲ್ಲಿ ಉಕ್ಕಿನ ಪೀಪಾಯಿಗಳನ್ನು ಸಾಲಾಗಿ ಬೆಸೆದು ಮೇಲೆ ಹಲಗೆ ಹಾಸಿದ್ದರಿಂದ ಈ ದೋಣಿಯ ಕಥೆ ಶುರು. ಅಲೆಯಿಲ್ಲದ ಕೆರೆಗಳಲ್ಲಿ ಮನೆಮಂದಿಯೆಲ್ಲ ಕೂತು ಬುತ್ತಿ ಬಿಚ್ಚುವುದಕ್ಕೆಂದೇ ಹುಟ್ಟಿದ ದೋಣಿ ಅದು. ಆದರೆ ಅದರ ಸ್ವಭಾವದಲ್ಲೇ ಒಂದು ತೊಡಕಿದೆ. ನೀರೊಳಗೆ ಅದರ ಮೈ ಇರುವುದು ಕಡಿಮೆ, ಗಾಳಿಗೆ ಒಡ್ಡಿದ ಮೈ ಬಹಳ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಮಡಿಯಾಗುತ್ತದೆ. ಕಾಫಿ ಹೂವಿಗೆ ಕಾಯುವ ಮಾರ್ಚ್–ಏಪ್ರಿಲ್‌ಗಳಲ್ಲಿ ಸಂಜೆ ಕವಿಯುವ ಹೂಮಳೆಯ ಮುಂಗಾಳಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲೆ ಅಲುಗದ ನೀರು ಐದು ನಿಮಿಷದಲ್ಲಿ ಕದಡಿಹೋಗುತ್ತದೆ. ಅಷ್ಟೇ ಉದ್ದದ ಬೇರೆ ದೋಣಿಗೆ ಸಾಕಾಗುವ ಲಂಗರು ಪಾಂಟೂನಿಗೆ ಸಾಲದೆ ಹೋಗುವುದು ಈ ಕಾರಣಕ್ಕೆ.

ಸಾಲದಾದಾಗ ಎಲ್ಲರಿಗೂ ಮೊದಲು ಹೊಳೆಯುವುದು ಭಾರ. ಕಲ್ಲು ಕಟ್ಟಿ ಬಿಡುವುದು ಸಹಜವಾದ ಯೋಚನೆ, ಬಹು ಪುರಾತನವಾದದ್ದೂ ಹೌದು. ಗುಜರಾತಿನ ದ್ವಾರಕೆಯ ಸಮುದ್ರದಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಮುಳುಗಿ ಹುಡುಕಿದಾಗ ತೂತು ಕೊರೆದ ತ್ರಿಕೋನಾಕಾರದ ಕಲ್ಲಿನ ಲಂಗರುಗಳು ಬಹಳಷ್ಟು ಸಿಕ್ಕಿವೆ. ಅವುಗಳ ಕೆಲಸಗಾರಿಕೆಗೆ ನನ್ನಲ್ಲಿ ದೊಡ್ಡ ಗೌರವವಿದೆ. ಕೆಳಗಿನ ತೂತುಗಳಿಗೆ ಮರದ ಗೂಟ ಸಿಕ್ಕಿಸಿ ತಳವನ್ನು ಕಚ್ಚುವಂತೆ ಮಾಡುತ್ತಿದ್ದರಂತೆ. ಎಂದರೆ ಬರೀ ಭಾರವನ್ನು ನಂಬಿ ಕೂರುವುದಾಗದು ಎಂದು ಅವರಿಗೂ ತಿಳಿದಿತ್ತು. ನೀರಿಗಿಳಿದ ಕಲ್ಲು ತನ್ನ ತೂಕದ ಮೂರನೇ ಒಂದಂಶಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಡಬ್ಬಿಯಲ್ಲಿ ಕಾಂಕ್ರೀಟ್ ಹೊಯ್ದು ಕೊಂಡಿ ಹಾಕಿದ ಮನೆಯಲ್ಲೇ ಮಾಡಿದ ಇಪ್ಪತ್ತು ಕೆಜಿಯ ಲಂಗರು ತಳ ಮುಟ್ಟಿದಾಗ ಹನ್ನೆರಡು ಕೆಜಿಯೂ ಉಳಿದಿರುವುದಿಲ್ಲ. ಉಕ್ಕು ಕಳೆದುಕೊಳ್ಳುವುದು ಎಂಟರಲ್ಲಿ ಒಂದು ಪಾಲು ಮಾತ್ರ. ಅಣಬೆಯ ಆಕಾರದ ಲಂಗರು ಸಣ್ಣ ದೋಣಿಯಲ್ಲಿ ಗಾಳ ಹಾಕಿ ಕೂರುವವರಿಗೆ ಸಾಕು, ಚಪ್ಪರ ಕಟ್ಟಿದ ಪಾಂಟೂನಿಗೆ ಅಲ್ಲ.

ಒಳ್ಳೆಯ ಲಂಗರು ಅಗೆಯುತ್ತದೆ. ದೋಣಿ ಎಳೆದಷ್ಟೂ ಅದು ಇನ್ನಷ್ಟು ಕೆಳಗಿಳಿಯುತ್ತದೆ. ಕೀಳಲು ಬಂದ ಬಲವನ್ನೇ ಊರಲು ಬಳಸಿಕೊಳ್ಳುತ್ತದೆ. ಕೈಯಲ್ಲಿ ಹಿಡಿದು ನೋಡಬೇಕಾದ ಚೆಲುವು ಇದು. ಅಮೆರಿಕದ ರಿಚರ್ಡ್ ಡ್ಯಾನ್‌ಫೋರ್ತ್ ಎರಡನೇ ಮಹಾಯುದ್ಧದ ಹೊತ್ತಿಗೆ ರೂಪಿಸಿದ ಲಂಗರನ್ನೇ ತೆಗೆದುಕೊಳ್ಳಿ. ತ್ರಿಕೋನದ ಎರಡು ತೆಳು ಅಲಗುಗಳು, ಬುಡದಲ್ಲಿ ಒಂದು ಅಡ್ಡಸರಳು, ನಡುವೆ ಉದ್ದನೆಯ ದಂಡ. ಅಲಗುಗಳು ದಂಡದ ಎರಡೂ ಬದಿಗೆ ಮೂವತ್ತು ಡಿಗ್ರಿಯ ಆಸುಪಾಸಿನಷ್ಟು ಓಲಾಡುತ್ತವೆ. ಹಾಗಾಗಿ ಯಾವ ಮಗ್ಗುಲಾಗಿ ಬಿದ್ದರೂ ಅಲಗಿನ ತುದಿ ನೆಲದತ್ತಲೇ ಬಾಗುತ್ತದೆ. ದಡಕ್ಕೆ ಸೈನಿಕರನ್ನು ಇಳಿಸುವ ಚಪ್ಪಟೆ ತಳದ ನೌಕೆಗಳು ಇದನ್ನು ಹಿಂಬದಿಯಿಂದ ಬಿಟ್ಟು ಬಂದು, ಮರಳುವಾಗ ಇದರ ಹಗ್ಗ ಜಗ್ಗಿಯೇ ಮರಳಿನಿಂದ ತಮ್ಮನ್ನು ಬಿಡಿಸಿಕೊಳ್ಳುತ್ತಿದ್ದವು. ಐದಾರು ಕೆಜಿಯ ಇಂಥದ್ದು ಗದ್ದೆಯ ಜೇಡಿಯಲ್ಲಿ ಹೂತಾಗ, ನಾಲ್ಕು ಪಟ್ಟು ತೂಕದ ಕಾಂಕ್ರೀಟ್ ಡಬ್ಬಿ ಅದರ ಹತ್ತಿರಕ್ಕೂ ಬಾರದು. ಮಡಚಿದರೆ ಹಲಗೆಯಂತೆ ಚಪ್ಪಟೆಯಾಗಿ ಅಟ್ಟದ ಆಸನದಡಿ ಮಲಗುತ್ತದೆ. ಒಂದೇ ಕೊರತೆ: ಗಾಳಿ ದಿಕ್ಕು ಬದಲಿಸಿ ದೋಣಿ ತಿರುಗಿದಾಗ ಕೆಲವೊಮ್ಮೆ ಕಿತ್ತುಕೊಳ್ಳುತ್ತದೆ, ಅಲಗುಗಳ ನಡುವೆ ಮಣ್ಣಿನ ಹೆಂಟೆ ಸಿಕ್ಕಿದ್ದರೆ ಮತ್ತೆ ಊರದೆ ಜಾರುತ್ತದೆ.

ಆ ಕೊರತೆ ಇಲ್ಲದ್ದು ಬೇಕೆಂದರೆ ನೇಗಿಲು ಲಂಗರಿದೆ. ಅದನ್ನು ಮಾಡಿದವರು ಕೇಂಬ್ರಿಜ್‌ನ ಜೆಫ್ರಿ ಇಂಗ್ರಾಮ್ ಟೇಲರ್, ದ್ರವಗಳ ಚಲನೆಯ ವಿಷಯದಲ್ಲಿ ಕಳೆದ ಶತಮಾನದ ಅತಿ ದೊಡ್ಡ ವಿಜ್ಞಾನಿಗಳಲ್ಲಿ ಒಬ್ಬರು. ಹಾಯಿದೋಣಿಯ ಹುಚ್ಚಿದ್ದ ಅವರಿಗೆ ತೂಕಕ್ಕೆ ತಕ್ಕ ಹಿಡಿತ ಕೊಡದ ಹಳೆಯ ಲಂಗರುಗಳು ಸರಿಬರಲಿಲ್ಲ. 1933ರಲ್ಲಿ ಅವರು ರೂಪಿಸಿದ ಸಿಕ್ಯೂಆರ್ ಲಂಗರಿನಲ್ಲಿ ಎರಡು ಬದಿಗೆ ರೆಕ್ಕೆ ಬಿಟ್ಟ ಗುಳ, ದಂಡಕ್ಕೆ ಅದು ಸೇರುವಲ್ಲಿ ಒಂದು ಕೀಲು. ದೋಣಿ ಪಕ್ಕಕ್ಕೆ ಹೊರಳಿದರೆ ದಂಡ ಹೊರಳುತ್ತದೆ, ಗುಳ ಹೂತಲ್ಲೇ ಇರುತ್ತದೆ. ಒಂದು ಕಾಲಕ್ಕೆ ಎತ್ತು ಕಟ್ಟಿ ಉತ್ತ ಗದ್ದೆಯಲ್ಲಿ, ಈಗ ನೀರಿನಡಿಯಲ್ಲಿ, ಮತ್ತೊಂದು ನೇಗಿಲು ಊರಿ ನಿಲ್ಲುವುದನ್ನು ನೆನೆದರೆ ಎದೆ ತುಂಬುತ್ತದೆ. ಆ ಗದ್ದೆ ಬಿಟ್ಟು ಎದ್ದುಹೋದ ಮನೆಗಳೂ ಜೊತೆಗೇ ನೆನಪಾಗುತ್ತವೆ. ಟೇಲರರ ಲಂಗರಿಗೆ ತೂಕ ಹೆಚ್ಚು, ಮಡಚಲೂ ಬಾರದು. ಆದರೂ ರಾತ್ರಿ ನೀರಿನ ಮೇಲೆ ಕಳೆಯುವುದಾದರೆ ನಾನು ನೆಚ್ಚುವುದು ಅದನ್ನೇ.

ಇವೆರಡೂ ಕೆಲಸ ಮಾಡುವುದು ಎಳೆತ ನೆಲಕ್ಕೆ ಸಮಾನಾಂತರವಾಗಿ ಬಂದಾಗ ಮಾತ್ರ. ಹಾಗಾಗಿ ಲಂಗರಿನಷ್ಟೇ ಆದರ ಹಗ್ಗಕ್ಕೂ ಸಲ್ಲಬೇಕು. ಆರು ಮೀಟರ್ ನೀರು, ನೀರಿನಿಂದ ಅಟ್ಟದ ಗೂಟಕ್ಕೆ ಇನ್ನೊಂದು ಮೀಟರ್ ಎನ್ನಿ, ಒಟ್ಟು ಏಳು. ಅದರ ಮೂರು ಪಟ್ಟು ಹಗ್ಗ ಬಿಟ್ಟರೆ ಎಳೆತ ಹತ್ತಿರ ಹತ್ತಿರ ಇಪ್ಪತ್ತು ಡಿಗ್ರಿ ಮೇಲ್ಮುಖವಾಗಿರುತ್ತದೆ, ಲಂಗರು ಕೀಳುತ್ತದೆ. ಐದು ಪಟ್ಟು, ಅಂದರೆ ಮೂವತ್ತೈದು ಮೀಟರ್ ಬಿಟ್ಟರೆ ಹನ್ನೊಂದೂವರೆಗೆ ಇಳಿಯುತ್ತದೆ. ಏಳು ಪಟ್ಟಾದರೆ ಎಂಟು. ಲಂಗರಿಗೂ ಹಗ್ಗಕ್ಕೂ ನಡುವೆ ಎರಡು ಮೂರು ಮೀಟರ್ ಸರಪಳಿ ಹಾಕಿದರೆ ಅದರ ಭಾರ ದಂಡವನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ, ಬಂಡೆಯ ಮೊನೆಗೆ ಹಗ್ಗ ಸವೆಯುವುದೂ ತಪ್ಪುತ್ತದೆ. ಹಗ್ಗ ನೈಲಾನಿನದಾಗಿರಲಿ, ಗಾಳಿಯ ಹೊಡೆತಕ್ಕೆ ಹಿಗ್ಗಿ ಕುಗ್ಗುವ ಗುಣ ಅದಕ್ಕಿದೆ. ಅಗ್ಗಕ್ಕೆ ಸಿಗುವ ಪಾಲಿಪ್ರೊಪಿಲೀನ್ ನೀರಲ್ಲಿ ತೇಲುತ್ತದೆ, ಪಕ್ಕದ ದೋಣಿಯ ಪಂಕಕ್ಕೆ ಸುತ್ತಿಕೊಳ್ಳುತ್ತದೆ. ಪಾಂಟೂನಿನ ಎರಡು ಮುಂಗೊಳವೆಗಳಿಗೆ ಒಂದೊಂದು ಕವಲು ಕಟ್ಟಿ, ಎರಡನ್ನೂ ಲಂಗರಿನ ಹಗ್ಗಕ್ಕೆ ಸೇರಿಸಿದರೆ ದೋಣಿ ಅತ್ತಿತ್ತ ಓಲಾಡದೆ ಗಾಳಿಗೆ ನೇರ ಮುಖಮಾಡಿ ನಿಲ್ಲುತ್ತದೆ. ಹಿಂಬದಿಗೆ ಮಾತ್ರ ಎಂದೂ ಕಟ್ಟಬಾರದು. ಎಂಜಿನ್ ಭಾರಕ್ಕೆ ಮೊದಲೇ ತಗ್ಗಿರುವ ಭಾಗ ಅದು, ಅಲೆ ಏರಿದರೆ ದೋಣಿಯೇ ಮುಳುಗಬಹುದು.

ಬಂಡೆ, ಬೊಡ್ಡೆಗಳ ಕಡೆ ಈ ಅಗೆಯುವ ಲಂಗರುಗಳೆಲ್ಲ ಸೋಲುತ್ತವೆ. ಅಲ್ಲಿಗೆ ನಾಲ್ಕು ಕೊಕ್ಕೆಯ ಪಾತಾಳಗರಡಿಯಂಥ ಗ್ರ್ಯಾಪ್‌ನೆಲ್ ಬೇಕು. ಸಿಕ್ಕಿಕೊಳ್ಳುವುದೇ ಅದರ ಗುಣ, ಬಿಡದಿರುವುದು ಅದರ ದೋಷ. ಕಾವೇರಿಯ ಹರಿವಿನಲ್ಲಂತೂ, ದುಬಾರೆಯಂಥ ಬಂಡೆಪಾತ್ರದಲ್ಲಿ, ಯಾವ ಲಂಗರಿಗಿಂತಲೂ ದಡದ ಹೊಳೆಮತ್ತಿಯ ಬುಡ ಲೇಸು. ಹೊಸ ಹೂಳಿನ ಕಡೆ ಕೈಗುದ್ದಲಿ ತಡೆಯಿಲ್ಲದೆ ಇಳಿದುಹೋದರೆ ಆ ಜಾಗವನ್ನು ಬಿಟ್ಟುಬಿಡುವುದು ಒಳ್ಳೆಯದು. ನಿಲ್ಲಲೇಬೇಕಾದರೆ ಅಗಲ ಅಲಗಿನದನ್ನು ಆರಿಸಿ, ಹಗ್ಗವನ್ನು ಇನ್ನಷ್ಟು ಬಿಟ್ಟು, ನಿಧಾನವಾಗಿ ಜಗ್ಗಿ ಊರಿಸಬೇಕು.

ಬೊಡ್ಡೆಯಿರುವ ಕಡೆ ಲಂಗರಿನ ತಲೆಗೆ ಮೊದಲೇ ಒಂದು ತೆಳು ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಗೆ ಖಾಲಿ ಕ್ಯಾನು ಕಟ್ಟಿ ತೇಲಿಬಿಡುವುದು ರೂಢಿ. ಸಿಕ್ಕಿಬಿದ್ದರೆ ಆ ಹಗ್ಗವನ್ನೆಳೆದು ಹಿಂದಿನಿಂದ ಬಿಡಿಸಬಹುದು. ಜೇಡಿಯಲ್ಲಿ ಅದರ ಅಗತ್ಯವಿಲ್ಲ. ದೋಣಿಯನ್ನು ನೇರ ಲಂಗರಿನ ಮೇಲಕ್ಕೆ ತಂದು, ಹಗ್ಗ ಬಿಗಿಮಾಡಿ ಗೂಟಕ್ಕೆ ಸುತ್ತಿ, ತುಸು ಹೊತ್ತು ಸುಮ್ಮನಿದ್ದರೆ ಸಾಕು. ದೋಣಿ ಏರಿಳಿಯುವ ಆ ಸಣ್ಣ ಬಲಕ್ಕೇ ಜೇಡಿ ಹಿಡಿತ ಸಡಿಲಿಸುತ್ತದೆ. ಅಲಗಿಗೆ ಮೆತ್ತಿಕೊಂಡು ಬಂದ ಮಣ್ಣನ್ನು ಅಲ್ಲೇ ನೀರಲ್ಲಿ ಎರಡು ಸಲ ಜಾಲಿಸಿ, ಕೀಲಿನೊಳಗಿನದನ್ನು ಬೆರಳಲ್ಲಿ ಕೆರೆದು ತೆಗೆದು, ಆಮೇಲೆ ಮೇಲಕ್ಕೆತ್ತಿಕೊಳ್ಳಬೇಕು.